ಪಕ್ಕದಲ್ಲಿ ಕೂತವಳನ್ನು ಕಾಣದ ಆಟ

ಇವತ್ತು ಬೆಳಿಗ್ಗೆ ಟಿ.ವಿ. ಕಪಾಟು ಒರೆಸುವಾಗ ವಿಡಿಯೋ ಗೇಮಿನ ರಿಮೋಟು ಕೈಗೆ ಬಂತು. ಗುಂಡಿಗಳ ಸಂದಿನಲ್ಲಿ ಹೋದ ದಸರೆಯ ವಿಭೂತಿ ಇನ್ನೂ ಕೂತಿತ್ತು. ಊದಿದೆ, ಹೋಗಲಿಲ್ಲ. ಅದು ಇರಲಿ ಬಿಡಿ, ನನ್ನ ಸಿಟ್ಟೂ ಇನ್ನೂ ಹೋಗಿಲ್ಲ. ಪುರಸೊತ್ತಿದ್ದರೆ ಸ್ವಲ್ಪ ಕೂತು ಕೇಳಿ.

ಮೂವತ್ತೈದು ದಾಟಿದ, ರಬಕವಿಯಲ್ಲಿ ಸೀರೆ ಅಂಗಡಿ ಇಟ್ಟ ಗಂಡಸು ಬಂದೂಕಿನ ಗೇಮ್ ಆಡುತ್ತಾನೆಂದರೆ ನಿಮಗೆ ನಗು ಬರಬಹುದು. ನನ್ನ ಹೆಂಡತಿಗೂ ಬರುತ್ತದೆ. ಆದರೆ ಈ ಚಟ ಹಚ್ಚಿದವಳು ನಮ್ಮ ಅಕ್ಕ. ನಮ್ಮದು ಬನಹಟ್ಟಿಯ ನೇಕಾರರ ಮನೆ. ಇಚಲಕರಂಜಿಯ ಸೋದರಮಾವ ಒಂದು ಹಳೆಯ ಗೇಮ್ ಮಷೀನು ತಂದುಕೊಟ್ಟಿದ್ದ. ಪಕ್ಕದ ಕೋಣೆಯಲ್ಲಿ ಮಗ್ಗಗಳು ಖಟಖಟ ಎನ್ನುತ್ತಿದ್ದರೆ ನಾವಿಬ್ಬರೂ ಎಷ್ಟು ಗುಂಡು ಹಾರಿಸಿದರೂ ಅವ್ವನಿಗೆ ಕೇಳುತ್ತಿರಲಿಲ್ಲ. ಪರದೆ ಎರಡು ಪಾಲಾಗುತ್ತಿತ್ತು. ಮೇಲಿನದು ಅಕ್ಕನದು, ಕೆಳಗಿನದು ನನ್ನದು. ಆ ಜಾತಿಯ ಆಟದಲ್ಲಿ ಪರದೆಯ ಮೇಲೆ ನಾವು ನಡೆಸುವ ಆಳನ್ನು ನಾವು ಹಿಂದಿನಿಂದಲೇ ನೋಡುತ್ತಿರಬೇಕು. ನನ್ನ ಪಾಲಿನಲ್ಲಿ ಯಾವಾಗಲೂ ಎರಡು ಬೆನ್ನು ಕಾಣುತ್ತಿದ್ದವು, ಒಂದು ನನ್ನ ಆಳಿನದು, ಅದರ ಮುಂದೆ ಅಕ್ಕನ ಆಳಿನದು. “ಲೇ, ನನ್ನ ಹಿಂದ ನಿಂದ್ರು, ಶಾಣ್ಯಾತನ ಮಾಡಬ್ಯಾಡ” ಎಂದು ಬೈಯುತ್ತಲೇ ಆಕೆ ನನ್ನ ಜೀವ ಉಳಿಸುತ್ತಿದ್ದಳು.

ಮುಧೋಳಕ್ಕೆ ಮದುವೆಯಾಗಿ ಹೋದ ಮೇಲೂ ಅಕ್ಕ ದಸರೆಯ ಆಯುಧಪೂಜೆಗೆ, ನಮ್ಮ ಕಡೆಯ ಖಂಡೆಪೂಜೆಗೆ ಬಂದು, ವಿಜಯದಶಮಿಗೆ ಬನ್ನಿ ಎಲೆ ಕೊಟ್ಟು, ಅದರ ಮರುದಿನವೂ ಉಳಿದು ಹೋಗುತ್ತಿದ್ದಳು. ಆ ದಿನ ಪೂರ್ತಿ ಆಟ. ಅತ್ತೆಮನೆಯಲ್ಲಿ ಆಕೆ ರಿಮೋಟು ಮುಟ್ಟುವುದು ಮಾವನವರಿಗೆ ಸುದ್ದಿಯ ಚಾನೆಲ್ಲು ಹಚ್ಚಿಕೊಡಲಿಕ್ಕೆ ಮಾತ್ರ.

ಹಳೆಯ ಮಷೀನು ಕೊನೆಗೂ ಕಣ್ಣು ಮುಚ್ಚಿತು. ನಾನು ಹೊಸದು ತಂದೆ. ಅದೇ ಹೊತ್ತಿಗೆ ಹೊಸ ಆಟವೊಂದರ ಜಾಹೀರಾತು ಬಂತು: ಸುರಿಯುವ ಮಳೆ, ಉರಿಯುವ ಊರು, ಬೆನ್ನಿಗೆ ಬೆನ್ನು ಕೊಟ್ಟು ನಿಂತ ಒಬ್ಬ ಗಂಡಸು, ಒಬ್ಬ ಹೆಂಗಸು. ಅಕ್ಕ ಅಡುಗೆಮನೆಯಿಂದಲೇ ಫೋನ್ ಮಾಡಿದಳು. “ನೋಡ್ದ್ಯೋ ಇಲ್ಲೋ? ಇಬ್ಬರದಾರಲೇ! ಆಂವ ನೀ, ಆಕಿ ನಾ!” ಹಿಂದೆ ಒಗ್ಗರಣೆ ಸಿಡಿಯುತ್ತಿದ್ದ ಸದ್ದು. ಆಮೇಲೆ ತಿಂಗಳುಗಟ್ಟಲೆ ನಮ್ಮ ಮಾತೆಲ್ಲ ಅದರದೇ ಆಯಿತು.

ಆಟ ಕೈಗೆ ಬಂದದ್ದು ಹೋದ ವರ್ಷದ ಖಂಡೆಪೂಜೆಯ ಮುನ್ನಾದಿನ. ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಲಾಳಿ, ಕತ್ತರಿಗಳ ಸಾಲಿನಲ್ಲಿ ಎರಡೂ ರಿಮೋಟುಗಳನ್ನು ಇಟ್ಟು, ವಿಭೂತಿ ಬಳಿದು, ಚೆಂಡುಹೂವು ಏರಿಸಿಬಿಟ್ಟಿದ್ದಳು.

“ಅವ್ವಾ, ಅವನ್ಯಾಕ ಇಟ್ಟಿ?”

“ಕೈಯಾಗ ಹಿಡಿಯೂ ಸಾಮಾನ ಹೌದಲ್ಲ? ನಾಳಿ ಬನ್ನಿ ಕೊಡೂತನಾ ಮುಟ್ಟಿದ್ರ ನೋಡು ಮತ್ತ!”

ಪೂಜೆಗಿಟ್ಟದ್ದನ್ನು ನಮ್ಮ ಮನೆಯಲ್ಲಿ ಯಾರೂ ಕದಲಿಸುವುದಿಲ್ಲ. ಮಗ್ಗಗಳೇ ಸುಮ್ಮನೆ ನಿಂತಿರುವಾಗ ನಮ್ಮದೇನು ಹೆಚ್ಚುಗಾರಿಕೆ? ಹಬ್ಬಕ್ಕೆ ಬಂದಿದ್ದ ಅಕ್ಕ ಹೋಗುತ್ತ ಬರುತ್ತ ಆ ಹೂವಿನ ಕೆಳಗಿನ ರಿಮೋಟು ನೋಡಿ ನಗುತ್ತಿದ್ದಳು.

ಮರುದಿನ ಬನ್ನಿ ಕೊಟ್ಟು ಬಂದವರೇ ಜಮಖಾನೆ ಹಾಸಿ ಕೂತೆವು. ಸುಳ್ಳು ಯಾಕೆ ಹೇಳಲಿ, ನೋಡಲು ಆಟ ಭಾಳ ಚೆಂದ. ಮಳೆಯಲ್ಲಿ ಆಳಿನ ಅಂಗಿ ಬೆನ್ನಿಗೆ ಅಂಟುವ ರೀತಿ, ಅದರ ಮಡಿಕೆ, ಬಟ್ಟೆ ಮಾರುವವನಾಗಿ ಹೇಳುತ್ತೇನೆ, ತಪ್ಪು ಹುಡುಕುವ ಹಾಗಿರಲಿಲ್ಲ. ಆದರೆ ಪರದೆ ಎರಡಾಗಲೇ ಇಲ್ಲ. ಅಕ್ಕನ ರಿಮೋಟಿಗೆ ಜೀವ ಬರಲಿಲ್ಲ. ಹುಡುಕಿ ಹುಡುಕಿ ಓದಿದ ಮೇಲೆ ತಿಳಿಯಿತು: ಆ ಹೆಂಗಸನ್ನು ಮಷೀನೇ ನಡೆಸುತ್ತದೆಯಂತೆ. ಇನ್ನೊಬ್ಬರು ಸೇರಬೇಕಾದರೆ ಅವರು ತಮ್ಮ ಮನೆಯಲ್ಲಿ, ತಮ್ಮದೇ ಮಷೀನಿನ ಮುಂದೆ, ಇಂಟರ್ನೆಟ್ ಹಚ್ಚಿಕೊಂಡು ಕೂರಬೇಕಂತೆ!

ಅಕ್ಕ ನನ್ನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದಾಳೆ ಮಾರಾಯರೇ! ಒದ್ದೆ ಅಂಗಿಯ ಮಡಿಕೆಗೆ ಅಷ್ಟು ತಲೆ ಓಡಿಸಿದ ಆ ಗೇಮಿನ ಕಂಪನಿಯವರಿಗೆ ಒಂದೇ ಜಮಖಾನೆಯ ಮೇಲೆ ಇಬ್ಬರು ಕೂತಿರಬಹುದು ಅನ್ನುವುದು ಹೊಳೆಯಲಿಲ್ಲವೇ? ಜಾಹೀರಾತಿನಲ್ಲಿ ಇಬ್ಬರನ್ನು ತೋರಿಸಿ ನಮ್ಮನ್ನು ಕುಣಿಸಿದ್ದು ಯಾತಕ್ಕೆ?

“ಇರಲಿ ಬಿಡೋ, ನೀ ಆಡು. ನಾ ನೋಡ್ತೀನಿ” ಎಂದಳು ಅಕ್ಕ. ಹಾಗೆಂದವಳು ರಿಮೋಟು ಮಾತ್ರ ಕೆಳಗಿಡಲಿಲ್ಲ. ನನ್ನ ಆಳಿಗೆ ಕುತ್ತು ಬಂದಾಗಲೆಲ್ಲ ಆಕೆಯ ಹೆಬ್ಬೆರಳು ಗುಂಡಿ ಒತ್ತುತ್ತಿತ್ತು. ಹಟ ಮಾಡುವ ಕೂಸಿಗೆ ವಾಯರು ಹಚ್ಚದ ರಿಮೋಟು ಕೊಟ್ಟು ಸುಮ್ಮನಿರಿಸುತ್ತಾರಲ್ಲ, ನಮ್ಮಕ್ಕನನ್ನು ಹಾಗೆ ಕೂರಿಸಿದ್ದರು. ಪರದೆಯ ಮೇಲೆ ಆಕೆಯ ಜಾಗದಲ್ಲಿ ಇನ್ಯಾರೋ ಓಡುತ್ತಿದ್ದಳು. ಅವಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಟದಲ್ಲಿ ಬೇಗ ಸತ್ತು, ಮಷೀನು ಬಂದ್ ಮಾಡಿದೆ.

ಇವತ್ತು ರಿಮೋಟು ಒರೆಸುವುದನ್ನು ಬಿಟ್ಟು ಅಕ್ಕನಿಗೆ ಫೋನ್ ಹಚ್ಚಿದೆ. ದಸರಾ ಮತ್ತೆ ಹತ್ತಿರ ಬಂದಿದೆ.

“ಬರ್ತೀನೋ ತಮ್ಮಾ. ಆದ್ರ ಈ ಸಲ ಬನ್ನಿ ಕೊಟ್ಟು ಅವತ್ತ ಸಂಜೀ ಬಸ್ಸಿಗೆ ಹೊಂಡ್ತೀನಿ.”

“ಯಾಕ? ಮರುದಿನ ಇರಾಂಗಿಲ್ಲೇನು?”

ಆಕೆ ಸಿಟ್ಟಿನಿಂದ ಹೇಳಲಿಲ್ಲ, ನಗುತ್ತಲೇ ಹೇಳಿದಳು. “ಇದ್ದು ಏನ ಮಾಡ್ಲಿ? ಬರೇ ಕುಂತು ನೋಡೂದ ಆದ್ರ, ಟಿ.ವಿ. ನಮ್ಮ ಮನ್ಯಾಗೂ ಐತಿ.”

ಇಷ್ಟು ದಿನ ನಾನು ಒಂದು ಆಟ ಕೆಟ್ಟಿತೆಂದು ಸಿಟ್ಟಾಗಿದ್ದೆ. ಆ ಕಂಪನಿಯವರು ಕಸಿದುಕೊಂಡದ್ದು ನಮ್ಮಕ್ಕನ ತವರಿನ ಒಂದು ದಿನ.