ವರ್ಲೀನ್ ಬರೆದುಕೊಂಡ ಇನ್ನೂರೆಂಬತ್ತೇಳು ಜನ

ನಮ್ಮೂರು ಕಾಲ್ಡರ್ ಬೆಂಡಿನಲ್ಲಿ ಸರ್ಕಾರಿ ಕಾರು ಹೆದ್ದಾರಿಯಿಂದ ಊರ ಕಡೆ ಹೊರಳಿತೆಂದರೆ ಮೊದಲ ಮನೆಯವರು ಬಾಣಲೆ ಬಡಿಯುತ್ತಾರೆ. ಆ ಸದ್ದಿಗೆ ಗಂಡಸರು ಹಿತ್ತಿಲಿಂದ ಸೋಯಾ ಹೊಲಕ್ಕೆ ಇಳಿಯುತ್ತಾರೆ, ಹೆಂಗಸರು ಜಗುಲಿ ಮೇಲಿನ ಬೂಟುಗಳನ್ನು ಒಳಗೆ ಎಳೆದುಕೊಳ್ಳುತ್ತಾರೆ. ಸರ್ಕಾರದ ಅಗ್ಗದ ಬಾಡಿಗೆ ಮನೆಗಳಿವು. ದುಡಿಯುವ ಕೈ ಒಂದು ಹೆಚ್ಚಾದರೆ ಬಾಡಿಗೆ ಏರುತ್ತದೆ; ಜೈಲು ಕಂಡವನು ಇದ್ದರೆ ಮನೆಯೇ ಹೋಗುತ್ತದೆ. ಬಚ್ಚಿಡುವುದನ್ನು ನಮಗೆ ಯಾರೂ ಕಲಿಸಲಿಲ್ಲ, ಹೊಟ್ಟೆ ಕಲಿಸಿತು.

ವರ್ಲೀನ್ ಗ್ಯಾದರ್ಸ್ ಇಲ್ಲಿನ ಶಾಲೆಯಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವಳು. ಆ ಶಾಲೆಯಲ್ಲಿ ಕರಿಯರ ಮಕ್ಕಳು ಬಿಳಿಯರ ಮಕ್ಕಳ ಪಕ್ಕ ಕೂತ ವರ್ಷವೇ ಬಿಳಿಯರು ಗಂಟುಮೂಟೆ ಕಟ್ಟಿದರು. ಆಗ ಊರಲ್ಲಿ ಅರ್ಧಕ್ಕರ್ಧ ಅವರೇ. ಈಗ ಹನ್ನೊಂದು ಜನ, ಎಲ್ಲ ಮುದುಕರು. ಅವರ ಹಿಂದೆ ಬ್ಯಾಂಕು ಹೋಯಿತು, ಹತ್ತಿ ಗಿರಣಿ ಹೋಯಿತು, ಕೂಲಿ ಹೋಯಿತು, ಕೊನೆಗೆ ಶಾಲೆಯೂ. ಹೊಲ ಮಾತ್ರ ಅವರ ಹೆಸರಲ್ಲೇ ಉಳಿಯಿತು.

ಜನಗಣತಿ ಬಂದಾಗ ಊರವಳೇ ಇರಲಿ ಅಂತ ವರ್ಲೀನಳನ್ನು ನೇಮಿಸಿದರು. ಕೊರಳಿಗೆ ಬಿಲ್ಲೆ ನೇತುಹಾಕಿಕೊಂಡು ಮನೆ ಮನೆ ಹತ್ತಿದಳು.

"ಎಷ್ಟು ಜನ ಇದೀರೇ, ಯೂಲಾ?"

"ನಾನೊಬ್ಳೇ, ಮಿಸ್ ವರ್ಲೀನ್."

ಒಳಗಿಂದ ಗಂಡಸಿನ ಕೆಮ್ಮು ಕೇಳಿಸಿತು. ಯೂಲಾಳ ಗಂಡ ಓಡೆಲ್‌ನದು.

"ಕೆಮ್ಮಿದ್ದು ಯಾರು? ಫ್ರಿಜ್ಜಾ?"

"ಹೂಂ, ಹಳೇ ಫ್ರಿಜ್ಜು. ಒಂದು ಅಂತ ಬರ್ಕೊಳಿ."

ವರ್ಲೀನ್ ನಕ್ಕು ಒಂದು ಅಂತಲೇ ಬರೆದಳು. ತನ್ನ ಮನೆಗೆ ಬಂದು ಅಲ್ಲೂ ಒಂದು ಅಂತ ಬರೆದಳು. ಒಲೆ ಮುಂದೆ ಅವಳ ತಮ್ಮ ಲೂಷಿಯಸ್ ಮೀನು ಕರಿಯುತ್ತಿದ್ದ. ಹನ್ನೊಂದು ವರ್ಷ ಜೈಲಲ್ಲಿದ್ದು ಬಂದವನು.

"ಹಿಂದಿನ ಗಣತೀಲಿ ಜೈಲಿರೋ ಊರಿನ ಲೆಕ್ಕಕ್ಕೆ ನನ್ನ ಸೇರಿಸ್ಕೊಂಡ್ರು ಕಣಕ್ಕ. ನನ್ನ ತಲೆ ತೋರಿಸಿ ರಸ್ತೆ ಹಾಕಿಸ್ಕೊಂಡ್ರು. ಈಗ ನಾನು ಯಾವೂರಲ್ಲೂ ಇಲ್ಲ."

"ಬಾಯ್ಮುಚ್ಕೊಂಡು ಮೀನು ತಿರುವಿ ಹಾಕು."

ಮರುವರ್ಷ ಜಿಲ್ಲಾ ಕಚೇರಿಯ ಕಾಗದ ಬಂತು. ಕಾಲ್ಡರ್ ಬೆಂಡಿನ ಜನ ಇನ್ನೂರೆಂಬತ್ತೇಳು. ಮುನ್ನೂರಕ್ಕೆ ಕಡಿಮೆ ಇದ್ದರೆ ಊರಲ್ಲಿ ಆಂಬುಲೆನ್ಸ್ ಇಡುವುದಿಲ್ಲ, ಈಗಿರುವುದು ಈ ವಾರವೇ ವಾಪಸ್. ಯಾರಾದರೂ ಬಿಟ್ಟುಹೋಗಿದ್ದರೆ ಹೆಸರು, ಮನೆ ನಂಬರು, ಸಹಿ ಸಮೇತ ತಿಂಗಳೊಳಗೆ ಕೊಡಿ. ಕೊಡಬೇಕಾದ್ದು ಬಾಡಿಗೆ ಮನೆಗಳ ಕಚೇರಿ ಇರುವ ಕಟ್ಟಡದಲ್ಲೇ.

ಆಂಬುಲೆನ್ಸ್ ಹೋದ ಒಂಬತ್ತನೇ ದಿನ ಓಡೆಲ್‌ಗೆ ಉಸಿರು ಕಟ್ಟಿತು. ಪಿಕಪ್ಪಿನಲ್ಲಿ ಮಲಗಿಸಿಕೊಂಡು ಹೊರಟೆವು. ಆಸ್ಪತ್ರೆಗೆ ನಲವತ್ತು ಮೈಲಿ, ಇಪ್ಪತ್ತಾರನೇ ಮೈಲಿಗೆ ಜೀವ ಹೋಯಿತು. ಸತ್ತವನ ಮನೆ ಎಲ್ಲಿ ಅಂತ ಆಸ್ಪತ್ರೆಯವರು ಕೇಳಿದಾಗ ಯೂಲಾ ಪಕ್ಕದೂರಿನ ವಿಳಾಸ ಕೊಟ್ಟಳು. ಹೆಣವನ್ನೂ ಬಚ್ಚಿಟ್ಟಳು.

ವರ್ಲೀನ್ ಒಂದು ಹಾಳೆಗೆ ಹದಿಮೂರು ಗೆರೆ ಎಳೆದು ಚರ್ಚಿನ ಬಾಗಿಲಿಗೆ ಅಂಟಿಸಿದಳು. ಮೊದಲ ಗೆರೆ ಮೇಲೆ ತಮ್ಮನ ಹೆಸರು ಬರೆದಳು. ಭಾನುವಾರ ಎಲ್ಲರೂ ನಿಂತು ಓದಿದರು. ದಾರಕ್ಕೆ ಕಟ್ಟಿದ ಪೆನ್ನು ನೇತಾಡುತ್ತಲೇ ಇತ್ತು.

"ನಿನಗೂ ಬುದ್ಧಿ ಬರಲಿಲ್ವೇನೇ?" ಅಂದಳು ವರ್ಲೀನ್, ಯೂಲಾಳಿಗೆ. "ನಿಮ್ಮಣ್ಣ ಇಲ್ವಾ ಹಿಂದಿನ ಕೋಣೇಲಿ?"

"ಮನೆ ಹೋದ್ರೆ ಎಲ್ಲಿ ಮಲಗೋದು, ಮಿಸ್ ವರ್ಲೀನ್? ಆಂಬುಲೆನ್ಸಲ್ಲಾ?"

ನಾನೂ ಬರೆಯಲಿಲ್ಲ. ನನ್ನ ಮನೆಯಲ್ಲೂ ಒಬ್ಬನಿದ್ದ. ಒಂದೇ ಹೆಸರಿದ್ದ ಹಾಳೆಯನ್ನು ವರ್ಲೀನಳೇ ಕಚೇರಿಗೆ ಕೊಟ್ಟು ಬಂದಳು.

ಹತ್ತು ದಿನಕ್ಕೆ ಬಾಣಲೆ ಸದ್ದಾಯಿತು. ಬೀದಿಯುದ್ದಕ್ಕೂ ಹಿತ್ತಿಲ ಬಾಗಿಲು ಬಡಿದುಕೊಂಡವು. ಲೂಷಿಯಸ್ ಎದ್ದ.

"ಕೂತ್ಕೋ," ಅಂದಳು ವರ್ಲೀನ್.

"ಅಕ್ಕಾ, ಮನೆ ಹೋಗತ್ತೆ."

"ಗೊತ್ತು. ಕೂತ್ಕೋ."

ಅವನ ಬೂಟುಗಳನ್ನು ತಂದು, ಮೂತಿ ಬೀದಿಗೆ ಮಾಡಿ, ಮೆಟ್ಟಿಲ ಮೇಲೆ ಇಟ್ಟಳು. ಕಾರು ಬೇರೆ ಯಾವ ಮನೆಯನ್ನೂ ನೋಡದೆ ಬಂದು ಅವಳ ಬಾಗಿಲಲ್ಲೇ ನಿಂತಿತು.