ಅಕ್ಕನ ಓಟಿಗಾಗಿ ಘಾಜಿಯಾಬಾದಿಗೆ

ಹೊಲಿಗೆ ಅಂಗಡಿಗೆ ಒಂದು ವಾರ ಬೀಗ ಹಾಕಿ ಕುಂದಾಪುರದಲ್ಲಿ ರೈಲು ಹತ್ತಿದ ನಾನು ಮೂರನೆಯ ದಿನ ದೆಹಲಿಯ ನಿಜಾಮುದ್ದೀನಿನಲ್ಲಿ ಇಳಿದೆ. ಮಂಜಿನಿಂದಾಗಿ ರೈಲು ಐದು ಗಂಟೆ ತಡವಾಗಿತ್ತು. ದಾರಿಯುದ್ದಕ್ಕೂ ಕೈಚೀಲವನ್ನು ಮಡಿಲಿನಿಂದ ಇಳಿಸಿರಲಿಲ್ಲ. ಅದರಲ್ಲಿ ಅಕ್ಕ ಗಿರಿಜಾಳ ಹಳೆಯ ಶಾಲಾ ಪ್ರಮಾಣಪತ್ರವಿತ್ತು.

ಅಕ್ಕ, ಭಾವ ಇಬ್ಬರೂ ದೆಹಲಿಯ ಕರೋಲ್ ಬಾಗಿನ ಹೋಟೆಲೊಂದರ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದವರು. ಭಾವ ತೀರಿಕೊಂಡ ಮೇಲೆ, ಬಾಡಿಗೆ ಕಡಿಮೆಯೆಂದು ಅಕ್ಕ ಘಾಜಿಯಾಬಾದಿಗೆ ಬಂದಳು. ಈಗ ಮತದಾರರ ಪಟ್ಟಿಯ ಪರಿಶೀಲನೆಯಲ್ಲಿ ಅವಳಿಗೊಂದು ನೋಟಿಸು ಬಂದಿತ್ತು. ಹುಟ್ಟಿದ ದಿನ, ಊರು ತೋರಿಸುವ ಮೂಲ ದಾಖಲೆ ತರಬೇಕು, ಇಲ್ಲವಾದರೆ ಹೆಸರು ಉಳಿಯುವುದಿಲ್ಲ. ಆ ಶಾಲಾ ಪತ್ರ ತವರಿನ ಪೆಟ್ಟಿಗೆಯಲ್ಲಿತ್ತು. ಅಂಚೆಗೆ ಹಾಕಲು ನನಗೆ ಧೈರ್ಯ ಬರಲಿಲ್ಲ. ಊರಿನ ಶಾಲೆಯ ಹೆಡ್‌ಮಿಸ್ ಭಾನುವಾರವೂ ಬಂದು ಅದರ ಇಂಗ್ಲಿಷ್ ಅನುವಾದಕ್ಕೆ ಮೊಹರು ಒತ್ತಿಕೊಟ್ಟಿದ್ದರು. ಅವರ ಉಪಕಾರ ದೊಡ್ಡದು.

ಆನಂದ್ ವಿಹಾರದಲ್ಲಿ ಮೆಟ್ರೊ ಬದಲಿಸಿ ಘಾಜಿಯಾಬಾದಿನ ವೈಶಾಲಿಯಲ್ಲಿ ಇಳಿದಾಗ ಅಕ್ಕ ಗೇಟಿನಲ್ಲೇ ನಿಂತಿದ್ದಳು. “ಪತ್ರ ತಂದೆಯಾ?” ಎಂದಳು. ನಾನು ಹೇಗಿದ್ದೇನೆಂದು ಕೇಳಿದ್ದು ಆಮೇಲೆ.

ಮರುದಿನ ಬೆಳಿಗ್ಗೆ ಶಾಲೆಯೊಂದರ ಕೋಣೆಯಲ್ಲಿ ವಿಚಾರಣೆ. ಅಧಿಕಾರಿ ಪತ್ರವನ್ನು ತಿರುವಿ ನೋಡಿ, “ಇದರಲ್ಲಿ ಶೆಡ್ತಿ, ಕಾರ್ಡಿನಲ್ಲಿ ಶೆಟ್ಟಿ. ಇದು ಬೇರೆ ಯಾರದ್ದೋ” ಎಂದು ಹಿಂದಿಯಲ್ಲಿ ಹೇಳಿದರು.

ಅಕ್ಕ ಮೇಜಿನತ್ತ ಬಾಗಿದಳು. “ಇಲ್ಲ ಸಾಬ್, ನಮ್ಮೂರಲ್ಲಿ ಗಂಡಸರು ಶೆಟ್ಟಿ, ಹೆಂಗಸರು ಶೆಡ್ತಿ. ಎರಡೂ ಒಂದೇ.”

ಅವರು ಇಲ್ಲವೆಂದು ತಲೆಯಾಡಿಸುತ್ತಲೇ ಇದ್ದರು. ಆಗ, ಪಟ್ಟಿಯ ಕೆಲಸಕ್ಕೆ ಆ ಬೂತಿನ ಮನೆಮನೆಗೆ ತಿರುಗಿದ್ದ ಟೀಚರ್ ಪಕ್ಕದ ಮೇಜಿನಿಂದ ಎದ್ದು ಬಂದರು. “ಸರ್, ನಮ್ಮಲ್ಲೂ ಚೌಧರಿಯ ಹೆಂಡತಿಯನ್ನು ಚೌಧರಾಯಿನ್ ಅನ್ನುವುದಿಲ್ಲವೇ? ಹಾಗೇ ಇದು. ಅಪ್ಪನ ಹೆಸರು, ಹುಟ್ಟಿದ ದಿನ ಎರಡೂ ತಾಳೆಯಾಗುತ್ತವೆ, ನೋಡಿ.”

ಅಧಿಕಾರಿ ಇನ್ನೊಮ್ಮೆ ಓದಿದರು. “ಅಚ್ಛಾ” ಎಂದು ನಕ್ಕು ಸಹಿ ಹಾಕಿದರು.

ಹೊರಗೆ ಬಂದು ಅಕ್ಕ ಟೀಚರ ಎರಡೂ ಕೈ ಹಿಡಿದುಕೊಂಡು ಅತ್ತಳು. “ಊರಿಂದ ಕಾಗದ ತಂದುಕೊಡುವ ತಂಗಿ ನಿಮಗಿದ್ದಾಳೆ, ದೀದಿ. ಎಲ್ಲರಿಗೂ ಇರುವುದಿಲ್ಲ” ಎಂದು ಟೀಚರ್ ಬೆಂಚಿನತ್ತ ನೋಡಿದರು. ಅಲ್ಲಿ ಬಿಹಾರದ ಹೆಂಗಸೊಬ್ಬಳು ಒಬ್ಬಳೇ ಕುಳಿತಿದ್ದಳು. ಅವಳ ಕಾಗದಗಳೆಲ್ಲ ನೆರೆಯಲ್ಲಿ ಹೋಗಿದ್ದವಂತೆ.

ಅಂದೇ ನನ್ನ ರೈಲು. ಸ್ಟೇಷನ್ನಿಗೆ ಬರುತ್ತೇನೆಂದಿದ್ದ ಅಕ್ಕ ಮನಸ್ಸು ಬದಲಿಸಿದಳು. “ಚಲೋ, ನೀನು ಹೊರಡು. ಇವಳ ಹೆಸರು ಕರೆಯುವ ತನಕ ನಾನು ಕೂತಿರ್ತೇನೆ.”

ಇ-ರಿಕ್ಷಾ ತಿರುವಿಗೆ ಬಂದಾಗ ಹಿಂತಿರುಗಿ ನೋಡಿದೆ. ಅಕ್ಕ ನನ್ನತ್ತ ನೋಡುತ್ತಿರಲಿಲ್ಲ. ಆ ಹೆಂಗಸಿನ ಅರ್ಜಿಯನ್ನು ಮೇಲಕ್ಕೆತ್ತಿ ಹಿಡಿದು ಟೀಚರನ್ನು ಕೂಗುತ್ತಿದ್ದಳು.