ಎರಡು ವರ್ಷ ಬಸುರಿಯೆನಿಸಿಕೊಂಡ ಕಂಡಕ್ಟರ್

ಹೆಂಗಸರಿಗೆ ಬಸ್ ಪ್ರಯಾಣ ಪುಕ್ಕಟೆಯಾದ ಮರುವರ್ಷದ ಮಾತು. ನಾನಾಗ ಹಾನಗಲ್ಲಿನಲ್ಲಿ ಸರ್ಕಾರಿ ಸರ್ಜನ್ ಆಗಿದ್ದೆ, ನಿವೃತ್ತಿಗೆ ಒಂದು ವರ್ಷ ಬಾಕಿಯಿತ್ತು. ಹಾನಗಲ್ಲಿನಲ್ಲಿದ್ದೆ ಎನ್ನುವುದು ಕಾಗದದ ಮಾತು. ಸೋಮವಾರ, ಮಂಗಳವಾರ ಹಾನಗಲ್ಲು, ಬುಧವಾರ ಶಿಗ್ಗಾಂವಿ, ಗುರುವಾರ ಸವಣೂರು, ಶುಕ್ರವಾರ ಹಿರೇಕೆರೂರು. ಶನಿವಾರ ಯಾವ ತಾಲೂಕು ಹೆಚ್ಚು ಜೋರಾಗಿ ಫೋನು ಮಾಡುತ್ತದೋ ಅಲ್ಲಿಗೆ. ನನಗೆ ಒಂದು ಜೀಪು ಮಂಜೂರಾಗಿತ್ತು, ಮಂಜೂರಾಗಿಯೇ ಉಳಿಯಿತು. ಹೀಗಾಗಿ ಆ ಇಳಿವಯಸ್ಸಿನಲ್ಲಿ ಬಸ್ಸಿನ ಸೀಟಿನಲ್ಲಿ ಕುಳಿತು ನಾಲ್ಕು ತಾಲೂಕುಗಳ ಹೊಟ್ಟೆಗಳನ್ನು ಅಧ್ಯಯನ ಮಾಡುವ ಯೋಗ ನನಗೆ ಒದಗಿತು.

ದಪ್ಪ ಮನುಷ್ಯನ ಹೊಟ್ಟೆಗೆ ನಮ್ಮ ಕಡೆ ಒಂದು ಮರ್ಯಾದೆಯಿದೆ. ಮದುವೆಗೆ ಹೋದರೆ ಅದಕ್ಕೆ ಮುಂದಿನ ಸಾಲಿನ ಕುರ್ಚಿ ಸಿಗುತ್ತದೆ. ತೆಳ್ಳಗಿನ ಮೈಗೆ ಹೊಟ್ಟೆ ಬಂತೆಂದರೆ ಮಾತ್ರ ಊರಿಗೆ ವಿವರಣೆ ಬೇಕು. ಗಂಡಸಾದರೆ ಕುಡುಕ, ಹುಡುಗನಾದರೆ ಜಂತುಹುಳು, ಹೆಂಗಸಾದರೆ ಬಸುರಿ. ಇಷ್ಟು ರೋಗನಿರ್ಣಯ ಮಾಡಲು ಯಾವ ಪದವಿಯೂ ಬೇಕಾಗಿಲ್ಲವಾದ್ದರಿಂದ ಎಲ್ಲರೂ ಮಾಡುತ್ತಾರೆ.

ಶಿಗ್ಗಾಂವಿಯಿಂದ ಸವಣೂರಿನ ಮೇಲೆ ಹತ್ತಿಮತ್ತೂರಿಗೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರ್ ರೇಣುಕಾ. ಮೂವತ್ತೊಂದು ವಯಸ್ಸು. ಕೈಗಳು ಕಡ್ಡಿ, ಕೊರಳಿನ ಎಲುಬು ಎಣಿಸಬಹುದು, ಖಾಕಿ ಅಂಗಿ ಹೆಗಲಲ್ಲಿ ಜೋತು ಬಿದ್ದಿರುತ್ತಿತ್ತು. ಅದೇ ಅಂಗಿ ಹೊಟ್ಟೆಯ ಹತ್ತಿರ ಬಂದಾಗ ಗುಂಡಿ ಕಿತ್ತುಹೋಗುವಷ್ಟು ಬಿಗಿ. ಆಕೆ ಆ ರೂಟಿಗೆ ಬಂದ ದಿನದಿಂದಲೇ ಹೆಂಗಸರು ಎದ್ದು ಸೀಟು ಬಿಟ್ಟುಕೊಡತೊಡಗಿದರು. ಎಷ್ಟನೆಯ ತಿಂಗಳು ಎಂದು ಕೇಳಿದರು. ಹುಣಸೆಕಾಯಿ ತಂದುಕೊಟ್ಟರು. ಒಂಬತ್ತು ತಿಂಗಳಾಯಿತು, ವರ್ಷವಾಯಿತು, ಎರಡು ವರ್ಷವಾಯಿತು. ಕೂಸು ಬರಲಿಲ್ಲ, ಕಾಳಜಿ ಮಾತ್ರ ಬೆಳೆಯುತ್ತ ಹೋಯಿತು. ಆನೆಗೂ ಇಷ್ಟು ದಿನ ಹಿಡಿಯುವುದಿಲ್ಲ ಎಂದು ಹಿಂದಿನ ಸೀಟಿನಿಂದ ಒಬ್ಬರು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಒಂದು ಗುರುವಾರ ಡ್ಯೂಟಿ ಮುಗಿಸಿ, ಖಾಕಿಯಲ್ಲೇ, ಆಕೆ ಸವಣೂರಿನ ನನ್ನ ಹೊರರೋಗಿ ಕೋಣೆಗೆ ಬಂದಳು.

“ಸರ್ರ, ಹೊಟ್ಟಿ ಕರಗೋ ಗುಳಿಗಿ ಬರಕೊಡ್ರಿ. ಗುಳಿಗಿ ಅಷ್ಟ ಸಾಕ್ರಿ, ಭಾಷಣ ಬ್ಯಾಡ.”

ಈ ವೇಳೆಗೆ ಆಕೆ ಮಾಡದ ಪ್ರಯೋಗ ಉಳಿದಿರಲಿಲ್ಲ. ಹುರುಳಿ ಕಟ್ಟು, ಜೀರಿಗೆ ನೀರು, ಬರಿಹೊಟ್ಟೆಗೆ ಬೆಳ್ಳುಳ್ಳಿ. ರಾತ್ರಿಯೂಟ ಬಿಟ್ಟು ವರ್ಷವಾಗಿತ್ತು. ಮೊಬೈಲಿನಲ್ಲಿ ಒಬ್ಬ ಧಾಂಡಿಗ ತೋರಿಸಿದಂತೆ ನೆಲಕ್ಕೆ ಮಲಗಿ ಏಳುವ ಕಸರತ್ತನ್ನು ದಿನಾ ಮಾಡುತ್ತಿದ್ದಳು. ಫಲವೆಂದರೆ ಕೈಕಾಲು ಇನ್ನಷ್ಟು ಸೊರಗಿದವು, ಹೊಟ್ಟೆ ತನ್ನ ಸ್ಥಾನದಲ್ಲಿ ಅಚಲವಾಗಿ ನಿಂತಿತು. ಇಷ್ಟು ಸಾಲದೆಂದು ಅಂಗಿಯ ಒಳಗೆ ಹಳೆಯ ಸೀರೆಯ ಪಟ್ಟಿಯೊಂದನ್ನು ಸುತ್ತಿ ಸುತ್ತಿ ಬಿಗಿದುಕೊಂಡಿದ್ದಳು. ಅದನ್ನು ಬಿಚ್ಚಿದಾಗ ಮೈಮೇಲೆ ಹಗ್ಗ ಕೊರೆದ ಹಾಗೆ ಗೆರೆಗಳಿದ್ದವು.

ಮಲಗಿಸಿ, ತಲೆಯನ್ನು ಮಾತ್ರ ಸ್ವಲ್ಪ ಎತ್ತು ಎಂದೆ. ಹೊಟ್ಟೆಯ ನಡುವೆ ಮೇಲಿನಿಂದ ಕೆಳಗೆ ಒಂದು ಏಣು ಎದ್ದಿತು. ಅಲ್ಲಿ ಬೆರಳಿಟ್ಟರೆ ನಾಲ್ಕು ಬೆರಳು ಸಲೀಸಾಗಿ ಒಳಗೆ ಇಳಿದವು. ಇದಕ್ಕೆ ನಮ್ಮ ಶಾಸ್ತ್ರದಲ್ಲಿ ಡಯಾಸ್ಟಾಸಿಸ್ ಎನ್ನುತ್ತಾರೆ. ಹೊಟ್ಟೆಯ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಸ್ನಾಯುಗಳಿರುತ್ತವೆ, ನಡುವೆ ಅವನ್ನು ಕೂಡಿಸುವ ಒಂದು ಗಟ್ಟಿ ಪಟ್ಟಿ. ಬಸುರಿನಲ್ಲಿ ಅದು ಹಿಗ್ಗುತ್ತದೆ, ಹೆರಿಗೆಯ ನಂತರ ಬಹುಪಾಲು ಕೂಡಿಕೊಳ್ಳುತ್ತದೆ. ರೇಣುಕಾಗೆ ಮೂರು ವರ್ಷದ ಹಿಂದೆ ಅವಳಿ ಮಕ್ಕಳು. ಆಕೆಯ ಪಟ್ಟಿ ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿದಿತ್ತು. ಜಿಪ್ಪು ಬಿಟ್ಟ ಚೀಲದಲ್ಲಿ ಸಾಮಾನು ಕಡಿಮೆಯಿದ್ದರೂ ಮುಂದಕ್ಕೆ ಬರುತ್ತದಲ್ಲ, ಹಾಗೆ. ಕರಗಿಸಲು ಅಲ್ಲಿ ಕೊಬ್ಬೇ ಇರಲಿಲ್ಲ. ಬೇರೆ ಏನಾದರೂ ಇದ್ದೀತೆಂದು ಸ್ಕ್ಯಾನಿಂಗ್, ರಕ್ತಪರೀಕ್ಷೆ ಮಾಡಿಸಿದೆ. ನೀರಿಲ್ಲ, ಗಡ್ಡೆಯಿಲ್ಲ, ಊರಿನ ನಿರೀಕ್ಷೆಗೆ ವಿರುದ್ಧವಾಗಿ ಕೂಸೂ ಇಲ್ಲ. ಇದ್ದದ್ದು ಹೊಕ್ಕಳಲ್ಲಿ ಗೋಲಿ ಗಾತ್ರದ ಒಂದು ಹರ್ನಿಯಾ, ಅಂದರೆ ತೆಳುವಾದ ಜಾಗದಿಂದ ಒಳಗಿನದು ಹೊರಗೆ ಇಣುಕುವುದು.

ಪಟ್ಟಿ ಬಿಗಿಯಬೇಡ, ಆ ಕಸರತ್ತು ನಿಲ್ಲಿಸು, ಹೊಟ್ಟೆತುಂಬ ಉಣ್ಣು, ನಾನು ಹೇಳಿಕೊಡುವ ಉಸಿರಿನ ವ್ಯಾಯಾಮ ಮಾಡು, ಹರ್ನಿಯಾಕ್ಕೆ ಆಪರೇಷನ್ ಮಾಡಿಸಿಕೋ, ಅದೇ ಹೊತ್ತಿಗೆ ನಡುವಿನ ಸಂದನ್ನೂ ಹೊಲಿಯೋಣ ಎಂದೆ. ಆಪರೇಷನ್ ಅಂದರೆ ಎಷ್ಟು ದಿನ ರಜೆ ಎಂದು ಕೇಳಿದಳು. ಕನಿಷ್ಠ ಆರು ವಾರ ಎಂದೆ. ಎದ್ದು ಕುಳಿತು ಪಟ್ಟಿಯನ್ನು ಮತ್ತೆ ಸುತ್ತತೊಡಗಿದಳು.

ಆಕೆಯ ಕಷ್ಟ ಆಗ ತಿಳಿಯಿತು. ಯಾರೋ ಪುಣ್ಯಾತ್ಮರು ಡಿಪೊಗೆ ದೂರು ಕೊಟ್ಟಿದ್ದರು: ತುಂಬುಬಸುರಿಯನ್ನು ನಿಂತೇ ದುಡಿಸುತ್ತಿದ್ದೀರಿ, ನಿಮಗೆ ಹೆಣ್ಣುಮಕ್ಕಳಿಲ್ಲವೇ ಎಂದು. ಮ್ಯಾನೇಜರ್ ಗಾಬರಿಯಾಗಿ ಆಕೆಯನ್ನು ಆಫೀಸಿನೊಳಗೆ ಕೂರಿಸುವ ಯೋಚನೆಯಲ್ಲಿದ್ದ. ಬೆಳಗಿನ ರೂಟಾದ್ದರಿಂದ ಮಧ್ಯಾಹ್ನಕ್ಕೆ ಮನೆ ಸೇರಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಗಂಡ ದೂರದ ಊರಿನಲ್ಲಿ ಲಾರಿ ಓಡಿಸುತ್ತಿದ್ದ, ಅತ್ತೆಗೆ ಮಂಡಿನೋವು. ಆಫೀಸಾದರೆ ಸಂಜೆಯತನಕ.

“ಒಮ್ಮೆ ಒಳಗ ಕುಂದ್ರಿಸಿದ್ರಂದ್ರ ಮುಗೀತ್ರಿ. ಮತ್ತ ರೂಟಿಗೆ ಹಚ್ಚಂಗಿಲ್ಲ. ಈಗ ರಜಾ ಹಾಕಿದ್ರ ಹೆರಿಗಿಗೇ ಹೋದ್ಳು ಅಂತಾರ. ಹೊಟ್ಟಿ ಕಾಣಬಾರದ್ರಿ, ಅಷ್ಟ.”

ಸದರಿ ರೇಣುಕಾ ಗರ್ಭಿಣಿಯಲ್ಲವೆಂದು ದೃಢೀಕರಿಸಿ ನಾನು ಸರ್ಟಿಫಿಕೇಟು ಬರೆದುಕೊಟ್ಟೆ. ಘಟಿಸದೆ ಇರುವ ಸಂಗತಿಯೊಂದನ್ನು ಮೊಹರು ಹಾಕಿ ಪ್ರಮಾಣೀಕರಿಸಿದ್ದು ನನ್ನ ಸೇವಾವಧಿಯಲ್ಲಿ ಅದೇ ಮೊದಲು. ಮ್ಯಾನೇಜರ್ ಅದನ್ನು ತೆಗೆದಿಟ್ಟುಕೊಂಡು, ಹೊಟ್ಟೆಯ ಕಡೆ ಇನ್ನೊಮ್ಮೆ ನೋಡಿ, ಮುಂದಿನ ತಿಂಗಳು ವಿಚಾರ ಮಾಡೋಣ ಎಂದನಂತೆ.

ಮುಂದಿನ ಗುರುವಾರಗಳಲ್ಲಿ ನಾನು ಅನುಭವಿಸಿದ ಸಂಕಟವನ್ನು ಯಾವ ವೈದ್ಯಕೀಯ ಪುಸ್ತಕವೂ ವಿವರಿಸಿಲ್ಲ. ಪಟ್ಟಿ ಬಿಚ್ಚು ಎಂದು ನಾನು ಹೇಳುವುದು, ಹ್ಞೂಂ ಎಂದು ಆಕೆ ಹೋಗುವುದು, ಮರುವಾರ ಇನ್ನೂ ಬಿಗಿಯಾಗಿ ಕಟ್ಟಿಕೊಂಡು ಬರುವುದು. ವಿಚಾರಿಸಿದರೆ ಕಟ್ಟುತ್ತಿದ್ದವರು ಅತ್ತೆ ಫಕ್ಕೀರವ್ವ. ಈ ಫಕ್ಕೀರವ್ವ ಸಾಮಾನ್ಯರಲ್ಲ. ಬಾಣಂತಿಯರಿಗೆ ಎರೆದ ಮೇಲೆ ಹೊಟ್ಟೆ ಕಟ್ಟುವುದರಲ್ಲಿ ಸುತ್ತಮುತ್ತ ಹೆಸರಾದ ಕೈ. ಕರೆದುಕೊಂಡು ಬಾ ಎಂದೆ. ಬಂದರು. ಕುರ್ಚಿಯಲ್ಲಿ ಕುಳಿತು, ನನ್ನನ್ನು ಹೊಸದಾಗಿ ಸೇರಿದ ಕಾಂಪೌಂಡರನನ್ನು ನೋಡುವಂತೆ ನೋಡಿದರು.

“ನಾ ಕಟ್ಟಿದ ಹೊಟ್ಟಿ ಒಂದೂ ಕೆಟ್ಟಿಲ್ಲರಿ ಡಾಕ್ಟರ. ಈಕಿದು ಒಂದ ನನ್ನ ಹೆಸರು ಕೆಡಸಾಕತ್ತೈತಿ.”

ನಾನು ವಾದಿಸಲಿಲ್ಲ. ರೇಣುಕಾಳನ್ನು ಮಲಗಿಸಿ, ತಲೆ ಎತ್ತಿಸಿ, ಫಕ್ಕೀರವ್ವನವರ ಕೈಯನ್ನೇ ಹಿಡಿದು ನಡುವೆ ಇಟ್ಟೆ. ಬೆರಳು ಇಳಿದವು. ಅವರ ಮುಖದಲ್ಲಿದ್ದ ಗತ್ತು ಇಳಿಯಿತು. “ಅಯ್ಯ ಶಿವನ, ಬಾಗ್ಲಾ ತೆರದ ಐತಲ್ಲೊ ಇದು” ಎಂದರು. ನಾನು ಗೆದ್ದೆನೆಂದು ಒಂದು ವಾರ ಹಿಗ್ಗಿದೆ. ಬಾಗಿಲು ತೆರೆದಿದ್ದರೆ ಅಗಳಿ ಇನ್ನೂ ಗಟ್ಟಿಯಾಗಿ ಹಾಕಬೇಕಲ್ಲ ಎಂದು ಫಕ್ಕೀರವ್ವ ಮನೆಗೆ ಹೋಗಿ ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಬಿಗಿದಿದ್ದರು. ತರ್ಕದಲ್ಲಿ ದೋಷವಿರಲಿಲ್ಲ, ಶರೀರದಲ್ಲಿ ಇತ್ತು. ಮೇಲೂ ಕೆಳಗೂ ಒತ್ತಿ ಹಿಡಿದರೆ ಒಳಗಿನ ಒತ್ತಡ ಸಡಿಲ ಜಾಗವನ್ನು ಹುಡುಕಿಕೊಂಡು ಹೋಗುತ್ತದೆ. ಹೊಕ್ಕಳ ಗೋಲಿ ಐದು ತಿಂಗಳಲ್ಲಿ ನಿಂಬೆಕಾಯಿಯಾಯಿತು. ಕರುಳಿನ ಒಂದು ಸುತ್ತು ಅದರಲ್ಲಿ ಸಿಕ್ಕಿಕೊಂಡರೆ ರಕ್ತ ಓಡಾಡದೆ ಕೊಳೆಯುತ್ತದೆ, ಆಮೇಲೆ ಜೀವ ಉಳಿಸಲು ಕೆಲವು ತಾಸು ಮಾತ್ರ ಎಂದು ಇಬ್ಬರಿಗೂ ಚಿತ್ರ ಬರೆದು ತೋರಿಸಿದೆ. ರೇಣುಕಾ ಚಿತ್ರ ನೋಡಿದಳು. ಈ ತಿಂಗಳು ದಾಟಲಿ ಸರ್ ಎಂದಳು. ನಾನು ಪೆನ್ನು ಮುಚ್ಚಿ ಚಹಾ ಕುಡಿಯಲು ಹೊರಗೆ ಹೋದೆ.

ಆ ತಿಂಗಳು ದಾಟುವ ಮೊದಲೇ ಹತ್ತಿಮತ್ತೂರಿನಲ್ಲಿ ನಮ್ಮದೊಂದು ಆರೋಗ್ಯ ಶಿಬಿರ ಬಂತು. ನಾನು ಸವಣೂರಿನಲ್ಲಿ ಇಳಿಯದೆ ಅದೇ ಬಸ್ಸಿನಲ್ಲಿ ಮುಂದಕ್ಕೆ ಹೋದೆ. ಡ್ರೈವರ್ ಸವಣೂರಿನ ಅಲ್ಲಾಬಕ್ಷ್, ನನಗಿಂತ ತುಸು ಚಿಕ್ಕವನು. ಹತ್ತಿಮತ್ತೂರಿನ ನಿಲ್ದಾಣದಲ್ಲಿ ಎಂಟೊಂಬತ್ತು ಹೆಂಗಸರು ನಿಂತಿದ್ದರು. ಬಸ್ಸು ನಿಂತದ್ದೇ ಬುಟ್ಟಿ, ಡಬ್ಬಿ, ಗಂಟುಗಳ ಸಮೇತ ಹತ್ತಿದರು, ಇಳಿಯಬೇಕಾದವರನ್ನೂ ಇಳಿಯಗೊಡಲಿಲ್ಲ. ಮುಂದೆ ಇದ್ದಾಕೆ ಗಂಗವ್ವ ಎಂಬ ಮುದುಕಿ. ಹಸಿರು ಬಳೆ, ಕುಬಸದ ಖಣ, ಹೂವು, ಹೋಳಿಗೆ, ಕರ್ಚಿಕಾಯಿ, ಬಗೆಬಗೆಯ ಅನ್ನ. ಬಸುರಿಗೆ ಬಯಕೆಯೂಟ ಉಣಿಸಿ ಕುಬಸ ತೊಡಿಸುವುದು ನಮ್ಮ ಕಡೆಯ ರೂಢಿ. ತಮ್ಮ ರೂಟಿನ ಕಂಡಕ್ಟರಿಗೆ ತವರಿನವರು ಮಾಡಿದ ಸುಳಿವಿಲ್ಲ, ನಾವೇ ಮಾಡೋಣ ಎಂದು ಓಣಿಯ ಹೆಂಗಸರು ತೀರ್ಮಾನಿಸಿದ್ದರು. ಅಲ್ಲಾಬಕ್ಷ್ ಹಿಂದಕ್ಕೆ ತಿರುಗಿ ನೋಡಿ, ಇದು ಬೇಗ ಮುಗಿಯುವ ಕೆಲಸವಲ್ಲವೆಂದು ತಿಳಿದು ಎಂಜಿನ್ ಬಂದ್ ಮಾಡಿದ.

ಗಂಗವ್ವ ಬಹಳ ಮಮತೆಯಿಂದ, ಡಿಪೊಗೆ ಮೊಮ್ಮಗನ ಕೈಲಿ ಹೇಳಿ ಕಳಿಸಿದ್ದು ತಾನೇ, ಇನ್ನು ಮೇಲೆ ನೀನು ಫ್ಯಾನಿನ ಕೆಳಗೆ ಕುಂತು ಕೆಲಸ ಮಾಡು ಎಂದು ಹೇಳುತ್ತ ಆಕೆಯ ಕೈ ಹಿಡಿದು ಬಳೆ ತೊಡಿಸಲು ಹೋದಳು. ನಾನು ಎದ್ದು ನಿಂತು, ತಾಯಂದಿರೇ, ವೈದ್ಯನಾಗಿ ನಾನು ಹೇಳುವುದೇನೆಂದರೆ, ಎಂದು ಆರಂಭಿಸಿದೆ. ಕುಂದ್ರಪ್ಪ, ಇದು ಹೆಣ್ಣುಮಕ್ಕಳ ಕೆಲಸ ಎಂದು ಯಾರೋ ನನ್ನನ್ನು ಹೆಗಲು ಹಿಡಿದು ಕೂರಿಸಿದರು.

ರೇಣುಕಾ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಟಿಕೆಟ್ ಮಷೀನನ್ನು ಸೀಟಿನ ಮೇಲಿಟ್ಟಳು. ದನಿ ಏರಿಸಲಿಲ್ಲ, ಆದರೂ ಹಿಂದಿನ ಸೀಟಿನತನಕ ಕೇಳಿಸಿತು.

“ಯಮ್ಮಾ, ನಾ ಬಸುರಿಲ್ಲ. ಎರಡು ವರ್ಷದಿಂದ ಇಲ್ಲ. ಅವಳಿ ಹಡದೇನಿ, ಒಳಗ ನರಾ ಅಗಲಾಗಿ ಹೊಟ್ಟಿ ಮುಂದ ಬಂದೈತಿ. ನೀವು ದಿನಾ ಕೇಳ್ತೀರಂತ ನಾ ದಿನಾ ಪಟ್ಟಿ ಬಿಗೀತೇನಿ. ಉಸರಾಡಾಕ ಆಗವಲ್ದು. ಇನ್ನ ಬಿಗಿಯಂಗಿಲ್ಲ. ಇದು ಬರೇ ಹೊಟ್ಟಿ. ನೋಡ್ರಿ, ನೋಡಿ ಬಿಟ್ಟುಬಿಡ್ರಿ.”

ಬಳೆ ಹಿಡಿದಿದ್ದ ಗಂಗವ್ವನ ಕೈ ಹಾಗೇ ನಿಂತಿತ್ತು. ಆಮೇಲೆ ಆಕೆ ಬಳೆಯನ್ನು ಸೆರಗಿಗೆ ಕಟ್ಟಿಕೊಂಡು ಹೇಳಿದಳು:

“ಇಲ್ಲಂದ್ರ ಇಲ್ಲ ಬಿಡವಾ. ಕುಬಸಕ್ಕ ಕಟ್ಟಿದ ಬುತ್ತಿ ಹೊಳ್ಳಿ ಮನಿಗೆ ಒಯ್ಯಬಾರದು. ಕುಂದ್ರು, ಉಣ್ಣು.”

ಎಲೆ ಹಾಸಿದರು. ವರ್ಷದಿಂದ ಅರೆಹೊಟ್ಟೆಯಲ್ಲಿದ್ದ ಹೆಂಗಸು ಕಂಡಕ್ಟರ್ ಸೀಟಿನಲ್ಲಿ ಕುಳಿತು ಮೂರು ಹೋಳಿಗೆ ತಿಂದಳು. ಬಸ್ಸಿನವರೆಲ್ಲ ಉಂಡರು. ಅಲ್ಲಾಬಕ್ಷ್‌ಗೆ ಕರ್ಚಿಕಾಯಿ, ನನಗೆ ಪುಂಡಿಪಲ್ಯ ಬಂತು. ಶಿಬಿರಕ್ಕೆ ತಡವಾಯಿತು. ನಾನು ಇಳಿಯುವಾಗ ರೇಣುಕಾ ಕೈ ಒರೆಸಿಕೊಳ್ಳುತ್ತ, ಹಾನಗಲ್ಲಿಗೆ ಯಾವತ್ತು ಬರಲಿ ಎಂದು ಕೇಳಿದಳು. ಸೋಮವಾರ ಎಂದೆ. ಆಕೆ ಪುನಃ ವಿಚಾರ ಮಾಡುವಷ್ಟು ಸಮಯ ಕೊಡಬಾರದೆಂದು ನನ್ನ ಲೆಕ್ಕ.

ಡಿಪೊದ ಕಥೆಯನ್ನು ಅಲ್ಲಾಬಕ್ಷ್ ಆಮೇಲೆ ಹೇಳಿದ. ಗಂಗವ್ವ ಮರುದಿನ ಅದೇ ಬಸ್ಸು ಹತ್ತಿ ಡಿಪೊಗೆ ಹೋಗಿ ಮ್ಯಾನೇಜರನ ಎದುರಿನ ಕುರ್ಚಿಯಲ್ಲಿ ಕುಳಿತಳಂತೆ. ದೂರು ಕೊಟ್ಟವಳು ನಾನೇ, ತಪ್ಪು ತಿಳಿದಿದ್ದೆ, ಹುಡುಗಿ ಕೊಯ್ಸಿಕೊಂಡು ಬರುವತನಕ ಆ ರೂಟನ್ನು ಬೇರೆಯವರಿಗೆ ಕಾಯಂ ಮಾಡಬಾರದು, ಬಸುರಿಯಲ್ಲ ಎಂಬುದಕ್ಕೆ ನಾನು ಜಾಮೀನು ಎಂದಳಂತೆ. ಮ್ಯಾನೇಜರ್ ಒಪ್ಪಿದ. ಸರ್ಕಾರಿ ಸರ್ಜನ್ನನ ಮೊಹರು ಐದು ತಿಂಗಳಿಂದ ಅವನ ಮೇಜಿನಲ್ಲಿಯೇ ಇತ್ತು ಎಂಬುದನ್ನು ಇಲ್ಲಿ ನೆನಪಿಸುವುದು ನನ್ನ ಕರ್ತವ್ಯ.

ಆಪರೇಷನ್ ಹಾನಗಲ್ಲಿನಲ್ಲಿ ಆಯಿತು. ಹರ್ನಿಯಾ ಮುಚ್ಚಿ, ಎರಡು ಸ್ನಾಯುಗಳನ್ನು ನಡುವೆ ಕೂಡಿಸಿ ಹೊಲಿದೆ. ಉಸಿರಿನ ವ್ಯಾಯಾಮದ ಉಸ್ತುವಾರಿಯನ್ನು ಫಕ್ಕೀರವ್ವ ವಹಿಸಿಕೊಂಡರು. ಬೆಳಿಗ್ಗೆ ಸಂಜೆ ಸೊಸೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂರುತ್ತಿದ್ದರಂತೆ. ಒಂದು ಉಸಿರು ತಪ್ಪಿದರೂ ಬೈಗಳು. ಹೊಟ್ಟೆ ಪೂರ್ತಿ ಸಪಾಟಾಗಲಿಲ್ಲ, ಆಗುವುದೂ ಇಲ್ಲ. ಮುಕ್ಕಾಲು ಇಳಿಯಿತು. ಖಾಕಿಯ ಗುಂಡಿಗಳು ನೆಮ್ಮದಿ ಕಂಡವು.

ರಜೆ ಮುಗಿದು ಆಕೆ ಅದೇ ರೂಟಿಗೆ ಬಂದ ವಾರ ನಾನು ಬಸ್ಸಿನಲ್ಲಿದ್ದೆ. ಶಿಗ್ಗಾಂವಿಯಲ್ಲಿ ಹತ್ತಿದ ಒಬ್ಬ ಹೆಂಗಸು ಇಳಿದ ಹೊಟ್ಟೆ ನೋಡಿ, ಅಂತೂ ಆತಲ್ಲವಾ, ಏನು ಕೂಸು ಎಂದು ಕೇಳಿದಳು. ರೇಣುಕಾ ಟಿಕೆಟ್ ಕೊಡುತ್ತ, ಎರಡು, ಎರಡೂ ಗಂಡು ಎಂದಳು. ಸುಳ್ಳೇನೂ ಅಲ್ಲ. ಆ ಹೆಂಗಸು ಪಕ್ಕದವಳ ಕಡೆ ತಿರುಗಿ, ಅದಕ್ಕೇ ಅಷ್ಟು ದಿನ ಹಿಡಿಯಿತು ಎಂದು ಸಮಾಧಾನಪಟ್ಟಳು. ನಾನು ಕಿಟಕಿಯ ಹೊರಗೆ ನೋಡಿದೆ.

ಈಗ ನಿವೃತ್ತನಾಗಿ ಹಂಸಭಾವಿಯಲ್ಲಿದ್ದೇನೆ. ವಾರಕ್ಕೊಬ್ಬರಾದರೂ ತೆಳ್ಳಗಿನ ಮೈ, ಮುಂದೆ ಬಂದ ಹೊಟ್ಟೆ ಹೊತ್ತು ಗುಳಿಗೆ ಕೇಳಲು ಬರುತ್ತಾರೆ. ಕೆಲವರಿಗೆ ನಿಜವಾಗಿಯೂ ಒಳಗೊಳಗೇ ಕೊಬ್ಬು ಇರುತ್ತದೆ, ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿರುತ್ತದೆ. ಕೆಲವರಿಗೆ ನಿಲ್ಲುವ ಭಂಗಿಯೇ ಸರಿಯಿಲ್ಲ. ಕೆಲವರಿಗೆ ನೋಡಲೇಬೇಕಾದ ರೋಗ. ಯಾವುದೆಂದು ತಿಳಿಯದೆ ಕರಗಿಸಲು ಹೊರಡಬೇಡಿ ಎಂಬುದು ಪುಸ್ತಕ ಕಲಿಸಿದ ಪಾಠ. ಕೆಲಸ ಕಲಿಸಿದ್ದು ಬೇರೆ. ರೇಣುಕಾ ಪಟ್ಟಿ ಬಿಗಿಯುತ್ತಿದ್ದುದು ಜನರ ಪ್ರಶ್ನೆಗೆ, ನಾನು ಐದು ತಿಂಗಳು ಔಷಧ ಹೇಳಿದ್ದು ಹೊಟ್ಟೆಗೆ. ಆದ್ದರಿಂದ ಈಗ ಹೊಟ್ಟೆ ಮುಟ್ಟುವ ಮೊದಲು ಒಂದು ಮಾತು ಕೇಳುತ್ತೇನೆ: ಯಾರು ಏನಂದರು? ಅದಕ್ಕೆ ಉತ್ತರ ಹೇಳುವಷ್ಟರಲ್ಲಿ ಅರ್ಧ ಜನ ಉಸಿರು ಬಿಟ್ಟು ಹೊಟ್ಟೆಯನ್ನು ಸಡಿಲ ಬಿಡುತ್ತಾರೆ. ಪರೀಕ್ಷೆಗೆ ಅದೇ ಸರಿಯಾದ ಹೊತ್ತು.